ಕಾವಿಗೆ ಕೂತ ಸೈಡ್‌ಕಾರ್

ಚಾಂದೋರಿನ ಬೇಕರಿಯ ಹಿತ್ತಲಲ್ಲಿ
ಗೋಡಂಬಿ ಮರದ ಬುಡಕ್ಕೆ ಮೂತಿ ಚಾಚಿ ಬಿದ್ದಿತ್ತು.
ಮುರುಕು ದೋಣಿ ಅಂದುಕೊಂಡೆ ಮೊದಲು,
ಆಮೇಲೆ ಕಲಗಚ್ಚಿನ ಬಾನಿ.
ಬಗ್ಗಿ ನೋಡಿದರೆ ಒಂದೇ ಒಂದು ಚಕ್ರ,
ಹತ್ತು ಕಡ್ಡಿ ಮುರಿದದ್ದು.
ಒಳಗೆ, ಹುಲ್ಲಿನ ಮೇಲೆ,
ನನ್ನನ್ನೇ ದುರುಗುಟ್ಟುವ ಒಂದು ಕೆಂಪು ಕೋಳಿ.

ಎರ್ಮೆಲಿಂದಾಬಾಯಿ ಹಿಟ್ಟಿನ ಕೈ ಒರೆಸುತ್ತ ಬಂದಳು.
ಮಾವನದಂತೆ. ಬಿಸಿ ಪಾವು ತುಂಬಿಕೊಂಡು
ಬೆಳಗಿನ ಜಾವ ಕುಡ್ತರಿವರೆಗೂ ಹೋಗುತ್ತಿದ್ದನಂತೆ,
ಒಮ್ಮೆ ಪಾವಿನ ನಡುವೆ ಪಾದ್ರಿಯನ್ನೂ ಕೂರಿಸಿಕೊಂಡು.
ಬೈಕು ಯಾರೋ ಒಯ್ದರು, ಮಾವ ಮಣ್ಣಾದ,
ಇದು ಉಳಿಯಿತು.
ಅರ್ಧ ಗಾಡಿ ಯಾರಿಗೆ ಬೇಕು?

ದರಕ್ಕೆ ಹೆಚ್ಚು ಜಗ್ಗಾಡಲಿಲ್ಲ.
ಆದರೆ ‘ರಾವ್ ರೆ’ ಅಂದಳು ಬೆರಳೆತ್ತಿ.
ಕೋಳಿ ಕಾವಿಗೆ ಕೂತು ಇಂದಿಗೆ ನಾಕು ದಿನ.
ಇನ್ನು ಹದಿನೇಳು ದಿನ ಯಾರೂ ಮುಟ್ಟುವ ಹಾಗಿಲ್ಲ.

ನಾನು ಫಕ್ಕೀರಪ್ಪ, ಮಡಗಾಂವಿನ ಮೇಸ್ತ್ರಿ,
ಕಾಯುವುದಕ್ಕೆ ಹೆಸರಾದವನಲ್ಲ.
ಗಿರಾಕಿ ‘ನಾಳೆ’ ಅಂದರೆ ‘ಸಂಜೆಗೇ ಬಾ’ ಅನ್ನುವವನು.
ಆ ಹದಿನೇಳು ದಿನ
ನನ್ನ ಐವತ್ತೊಂಬತ್ತರ ಬುಲೆಟ್ಟಿನ ಎಡಮೈ ಸವರಿ ಸವರಿ
ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳಿಸಿದೆ:
ಕುತ್ತಿಗೆಯ ಕೆಳಗೊಂದು ಕ್ಲಾಂಪು, ಸೀಟಿನಡಿ ಒಂದು,
ಇಂಜಿನ್ನಿನ ಹೊಟ್ಟೆಗೊಂದು, ಹಿಂದಿನ ಅಚ್ಚಿನ ಬಳಿ ಒಂದು.
ನಾಕು ಹಿಡಿತ. ಒಂದು ಸಡಿಲಾದರೂ
ಉಳಿದ ಮೂರಕ್ಕೆ ಮೊದಲು ಗೊತ್ತಾಗುತ್ತದೆ.

ಹನ್ನೊಂದು ಮೊಟ್ಟೆಗೆ ಒಂಬತ್ತು ಮರಿ.
ಮರುದಿನವೇ ಟೆಂಪೋದಲ್ಲಿ ಹೇರಿಕೊಂಡು ಬಂದೆ.
‘ದೇವ್ ಬರೆಂ ಕರುಂ’ ಎಂದಳು ಬಾಯಿ,
ನನಗೋ, ಕೋಳಿಗೋ, ತಿಳಿಯಲಿಲ್ಲ.

ತುಕ್ಕು ಕೆರೆದೆ, ಕಡ್ಡಿ ಕಟ್ಟಿದೆ, ಸ್ಪ್ರಿಂಗಿಗೆ ಗ್ರೀಸು ತಿನ್ನಿಸಿದೆ.
ದಾರ ಎಳೆದು, ತೂಗುಗುಂಡು ಬಿಟ್ಟು
ಕೂದಲೆಳೆ ಆಚೀಚೆಯಾಗದಂತೆ ನೆಟ್ಟಗೆ ಜೋಡಿಸಿದೆ.
ಕಿಕ್ಕು ಹೊಡೆದು ಬಿಟ್ಟರೆ
ಸೀದಾ ಎಡಕ್ಕೆ, ಮೀನಿನವಳ ಬುಟ್ಟಿಗೆ!
ಗ್ಯಾಸು ಕೊಟ್ಟರೆ ಎಡಕ್ಕೆ ಎಳೆತ, ಬ್ರೇಕು ಹಿಡಿದರೆ ಬಲಕ್ಕೆ,
ಎಡಕ್ಕೆ ತಿರುಗಿದರೆ ಮೂರನೇ ಚಕ್ರ ಮುಗಿಲಿಗೆ.
ಬಂಗಡೆಗೆ ನೂರೈವತ್ತು ಕೊಟ್ಟು ಬಾಯಿ ಮುಚ್ಚಿಸಿದೆ.

ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ
ನರಗುಂದದ ಎರಿಹೊಲದಲ್ಲಿ ನೊಗ ಕಟ್ಟುತ್ತಿದ್ದುದು ನೆನಪಾಯಿತು.
ಕಸುವಿನ ಎತ್ತಿನ ಕಡೆ ಗಿಡ್ಡ ಬಿಡಬೇಕು, ಬಡವನ ಕಡೆ ಉದ್ದ.
ಸಮ ಕಟ್ಟಿದರೆ ಸಾಲು ಸೊಟ್ಟ.

ಮೂರನೇ ಚಕ್ರದ ಮೂಗನ್ನು ಮುಕ್ಕಾಲಿಂಚು
ಬೈಕಿನ ಕಡೆ ತಿರುಗಿಸಿದೆ.
ಬೈಕನ್ನು ಎರಡು ಬೆರಳು ಬಲಕ್ಕೆ ವಾಲಿಸಿದೆ.
ನಿಂತದ್ದನ್ನು ನೋಡಿದವರು ಮೇಸ್ತ್ರಿ ಕುಡಿದಿದ್ದಾನೆ ಅಂದರು.
ಓಡುವಾಗ ನೆಟ್ಟಗಾಯಿತು.

ಭಾರಕ್ಕೆಂದು ಉಸುಕು ತುಂಬುತ್ತಿದ್ದೆ.
ಶಂಕ್ರವ್ವ ಬಾಗಿಲಲ್ಲಿ ನಿಂತಿದ್ದಳು.
‘ಉಸುಕು ಯಾಕ್ರಿ? ನಾ ಏನ್ ತೂಕ ಕಮ್ಮಿ ಅದೀನಿ?’
ಸೆರಗು ಸಿಕ್ಕಿಸಿ, ಒಂದು ಕಾಲು, ಇನ್ನೊಂದು ಕಾಲು,
ಒಂದೆರಡು ಸಲ ಮಿಸುಕಾಡಿ, ಕೂತಳು
ಇನ್ನು ಏಳುವುದಿಲ್ಲ ಅನ್ನುವ ಹಾಗೆ.

ಗದ್ದೆ ದಾಟುವವರೆಗೆ ಮಾತಿಲ್ಲ. ಆಮೇಲೆ
ಸೈಲೆನ್ಸರಿನ ಸದ್ದಿನ ಮೇಲೆ ಕೂಗಿ ಹೇಳಿದಳು:
‘ಇಪ್ಪತ್ತಾರು ವರ್ಷ ನಿಮ್ಮ ಹಿಂದ ಅಡ್ಡ ಕೂತು
ಎಡಗಡಿ ಗೋವಾ ಅಷ್ಟ ನೋಡೇನಿ.
ರಸ್ತೆ ಎದುರಿಗೆ ಬರೂದು ಹಿಂಗಿರ್ತೈತೇನು?’
ಸ್ವಲ್ಪ ತಡೆದು,
‘ಬಲಕ್ಕ ತಿರುಗಿದ್ರ ಮಾತ್ರ ಈಗೂ ನೀವ.’

ಕೋಲ್ವಾ ಮುಂದಿನ ಎಡತಿರುವಿನಲ್ಲಿ
ಚಕ್ರ ನೆಲ ಬಿಡುವ ಹೊತ್ತಿಗೆ
ಯಾರೂ ಹೇಳದೆಯೇ ಆಕೆ ಎಡಕ್ಕೆ ವಾಲಿದಳು.
ಮೂತಿಯೊಳಗೆಲ್ಲೋ ಸಿಕ್ಕಿಕೊಂಡಿದ್ದ ಒಂದು ಕೆಂಪು ಪುಕ್ಕ
ಗಾಳಿಗೆದ್ದು ಅವಳ ಕೂದಲಿಗೆ ಹತ್ತಿತು.
ಮನೆ ಮುಟ್ಟುವವರೆಗೂ ನಾನು ಹೇಳಲಿಲ್ಲ.